ಸಗಣಿಹುಳುವಿನ ನೆಲೆ

ಮಳೆಗಾಲದಲ್ಲಿ ಬಯಲಿನಲ್ಲಿ ಬಿದ್ದ ಸಗಣಿಯು ಯಾರೂ ಎತ್ತದಿದ್ದರೂ ಕೆಲವೇ ದಿನಗಳಲ್ಲಿ ಕರಗಿಹೋಗುವುದನ್ನು ನಾವೆಲ್ಲರೂ ಕಂಡಿದ್ದೇವೆ. ಇದು ಬಹುಮಟ್ಟಿಗೆ ಸಗಣಿಹುಳುಗಳ ಕೆಲಸ. ಇವುಗಳಲ್ಲಿ ಮೂರು ಬಗೆಗಳುಂಟು. ಕೆಲವು ಉಂಡೆ ಕಟ್ಟಿ, ಹಿಂಗಾಲುಗಳಿಂದ ಉರುಳಿಸಿ ದೂರದಲ್ಲಿ ಹೂಳುತ್ತವೆ. ಕೆಲವು ಸಗಣಿಯ ಅಡಿಯಲ್ಲಿಯೇ ಬಿಲ ತೋಡಿ ಅದನ್ನು ಕೆಳಗಿಳಿಸುತ್ತವೆ. ಉಳಿದವು ಸಗಣಿಯೊಳಗೇ ಸಂಸಾರ ಹೂಡುತ್ತವೆ. ಹೂಳಿದ ಸಗಣಿ ಮರಿಗಳಿಗೆ ಬುತ್ತಿ, ಮಣ್ಣಿಗೆ ಗೊಬ್ಬರ.

ಹಾಗಾದರೆ ಸಗಣಿಯಿದ್ದಲ್ಲೆಲ್ಲ ಈ ಹುಳುಗಳು ಇರಬೇಕಲ್ಲವೆ? ಇಲ್ಲ. ಆಸ್ಟ್ರೇಲಿಯಕ್ಕೆ 1788ರಲ್ಲಿ ದನಗಳು ಬಂದವು. ಕಾಂಗರೂಗಳ ಒಣ ಹಿಕ್ಕೆಗೆ ಒಗ್ಗಿದ್ದ ಅಲ್ಲಿಯ ಹುಳುಗಳಲ್ಲಿ ಹೆಚ್ಚಿನವು ದನದ ಹಸಿ ಸಗಣಿಯನ್ನು ಮುಟ್ಟಲಿಲ್ಲ. ಹುಲ್ಲುಗಾವಲು ಮುಚ್ಚಿತು, ನೊಣ ಹೆಚ್ಚಿತು. ಬೋರ್ನೆಮಿಸ್ಸ ಎಂಬ ವಿಜ್ಞಾನಿಯ ಸಲಹೆಯಂತೆ, 1968ರಿಂದ ಪರದೇಶದ ಹುಳುಗಳನ್ನು ತಂದು ಬಿಡಬೇಕಾಯಿತು.

ಸಗಣಿಯ ಬಗೆಯಷ್ಟೇ ಅಲ್ಲ, ಅಡಿಯ ಮಣ್ಣೂ ಮೇಲಿನ ನೆರಳೂ ಮುಖ್ಯ. ಸಹ್ಯಾದ್ರಿಯ ಕಾಡಿನ ತಂಪಿಗೆ ಒಗ್ಗಿದ ಹುಳು ಬಿಸಿಲ ಬಯಲಿನಲ್ಲಿ ಬಾಳಲಾರದು.

ಕೃಷ್ಣಾ ತೀರದ ಐನಾಪುರದಂಥ ಊರನ್ನು ನೋಡೋಣ. ಎರೆಭೂಮಿ, ನದಿಯ ನೀರಿನಿಂದ ಕಬ್ಬು ಬೆಳೆಯುವ ಸೀಮೆ. ಇಂಥ ನೆಲದಲ್ಲಿ ಆಳದ ಉಳುಮೆ ಬಿಲಗಳನ್ನು ಒಡೆಯುತ್ತದೆ. ನಿಂತ ನೀರು ಮರಿಗಳನ್ನು ಕೊಲ್ಲುತ್ತದೆ. ಎತ್ತಿನ ಜಾಗಕ್ಕೆ ಟ್ರ್ಯಾಕ್ಟರ್ ಬಂದರೆ ಸಗಣಿಯೇ ಕಡಿಮೆ. ಕೊಟ್ಟಿಗೆಯಲ್ಲಿ ಕಟ್ಟಿದ ಎಮ್ಮೆಯ ಸಗಣಿ ತಿಪ್ಪೆಗೋ ಕುಳ್ಳಿಗೋ ಹೋಗುವುದೇ ಹೊರತು ಹೊಲದಲ್ಲಿ ಬೀಳುವುದಿಲ್ಲ. ದನಗಳಿಗೆ ಹಾಕುವ ಐವರ್ಮೆಕ್ಟಿನ್ ಎಂಬ ಔಷಧಿಯು ಸಗಣಿಯಲ್ಲಿ ಉಳಿದು ಹುಳುವಿನ ಮರಿಗಳಿಗೆ ವಿಷವಾಗುತ್ತದೆ.

ಮನುಷ್ಯನು ಮಾರ್ಪಡಿಸಿದ ನೆಲಗಳಲ್ಲಿ ಸಾಮಾನ್ಯವಾಗಿ ಮೊದಲು ಮರೆಯಾಗುವವು ದೊಡ್ಡ ಹುಳುಗಳು. ಅವಕ್ಕೆ ಹೆಚ್ಚು ಸಗಣಿ ಬೇಕು, ಆಳದ ಬಿಲ ಬೇಕು, ಸಂತಾನವೋ ಅಲ್ಪ. ಚಿಕ್ಕವು ಉಳಿದು ಗುಜುಗುಟ್ಟುತ್ತಿದ್ದರೆ ಎಲ್ಲವೂ ಕ್ಷೇಮವೆಂದು ತೋರಬಹುದು. ಆದರೆ ಒಂದು ದೊಡ್ಡ ಹುಳು ಹೂಳುವಷ್ಟನ್ನು ಹೂಳಲು ಅನೇಕ ಚಿಕ್ಕವು ಬೇಕು. ಆದುದರಿಂದ ಹುಳುಗಳ ಎಣಿಕೆಯೊಂದೇ ಸಾಲದು; ಯಾವ ಹುಳು ಎಂಬುದೂ ತಿಳಿಯಬೇಕು.

ವಿದ್ಯಾರ್ಥಿಗಳು ಇದನ್ನು ತಾವೇ ಪರೀಕ್ಷಿಸಬಹುದು. ಕಬ್ಬಿನ ಹೊಲ, ಉಳದ ಬದು, ಊರಿನ ಗಾಯರಾಣ, ಈ ಮೂರು ಕಡೆ ಒಂದೊಂದು ಡಬ್ಬಿಯನ್ನು ನೆಲಮಟ್ಟಕ್ಕೆ ಹೂಳಿರಿ. ಬಾಯಿಯ ಮೇಲೆ ಬಟ್ಟೆಯಲ್ಲಿ ಕಟ್ಟಿದ ಹಸಿ ಸಗಣಿಯನ್ನು ಕೋಲಿನಿಂದ ತೂಗುಹಾಕಿರಿ. ಮರುದಿನ ಬೆಳಿಗ್ಗೆ ಬಿದ್ದ ಹುಳುಗಳನ್ನು ಗಾತ್ರವಾರು ಎಣಿಸಿ ಬಿಟ್ಟುಬಿಡಿರಿ. ಹಲವು ಮಳೆಗಾಲಗಳ ಇಂಥ ಲೆಕ್ಕವು, ಬದುವನ್ನೂ ಗಾಯರಾಣವನ್ನೂ ಉಳಿಸಿಕೊಳ್ಳುವುದರಿಂದ ನಮ್ಮ ಮಣ್ಣಿಗೆ ಏನು ಲಾಭವೆಂಬುದನ್ನು ತೋರಿಸೀತು.