ಮಾಯದ ಹುಣ್ಣಿಗೆ ಒಬ್ಬರೇ ವೈದ್ಯರು ಸಾಲದು

ಕಂಪ್ಲಿಯ ಗದ್ದೆಯ ಕೆಸರಲ್ಲಿ, ಸಂಡೂರಿನ ಗಣಿಯಲ್ಲಿ, ಹಂಪಿಯ ಬಂಡೆಗಳ ನಡುವೆ ದುಡಿಯುವವರ ಕಾಲಿಗೆ ಗಾಯವಾಗುವುದು ಹೊಸತಲ್ಲ. ಬಹುಪಾಲು ತಾವಾಗಿಯೇ ಮಾಯುತ್ತವೆ. ಮಾಯದೆ ಉಳಿದರೆ ಸಕ್ಕರೆ ಕಾಯಿಲೆಯೋ ಉಬ್ಬಿದ ರಕ್ತನಾಳವೋ ಕಾರಣ ಎನ್ನುತ್ತಾರೆ. ಹೆಚ್ಚಿನ ಸಲ ಅದು ನಿಜವೂ ಹೌದು. ಆದರೆ ಕೆಲವರ ಹುಣ್ಣಿನ ಬೇರು ಇರುವುದು ರಕ್ತದಲ್ಲಿ. ಸಿಕಲ್ ಸೆಲ್ ಕಾಯಿಲೆಯಲ್ಲಿ ಕುಡುಗೋಲಿನಂತೆ ಬಾಗಿದ ಕೆಂಪು ಕಣಗಳು ಸಣ್ಣ ರಕ್ತನಾಳಗಳಲ್ಲಿ ಸಿಕ್ಕಿಕೊಂಡು ಹರಡಿನ ಬಳಿಯ ಚರ್ಮ ಸಾಯುತ್ತದೆ. ಥಲಸ್ಸೇಮಿಯಾದಲ್ಲೂ ಇಂಥ ಹುಣ್ಣಾಗುವುದುಂಟು. ಅದಕ್ಕೆ ಮೇಲಿನಿಂದ ಎಷ್ಟು ಮುಲಾಮು ಹಚ್ಚಿದರೂ ಸಾಲದು.

ಒಬ್ಬರೇ ನೋಡಿದರೆ ಕೆಡುಕಾಗುವ ಸಂದರ್ಭಗಳೂ ಇವೆ. ಪಯೋಡರ್ಮಾ ಗ್ಯಾಂಗ್ರಿನೋಸಮ್ ಎಂಬ ಹುಣ್ಣು ಕೆಲವೊಮ್ಮೆ ಮಜ್ಜೆಯ ಕಾಯಿಲೆಯ ಜೊತೆಗೆ ಬರುತ್ತದೆ. ಕೊಳೆತ ಗಾಯವೆಂದು ಕತ್ತರಿಸಿದರೆ ಅದು ಇನ್ನಷ್ಟು ಹರಡಬಹುದು. ಅದಕ್ಕೆ ಬೇಕಾದದ್ದು ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ಔಷಧ. ಅದೇ ಔಷಧವನ್ನು ಸೋಂಕಿನ ಹುಣ್ಣಿಗೆ ಕೊಟ್ಟರೆ ಅಪಾಯ. ಇನ್ನು ಹೈಡ್ರಾಕ್ಸಿಯೂರಿಯಾ ಮಾತ್ರೆ: ರಕ್ತಕಣಗಳು ಮಿತಿಮೀರಿ ಹೆಚ್ಚುವ ಪಾಲಿಸೈಥೀಮಿಯಾ ಕಾಯಿಲೆಗೆ ಅದು ಒಳ್ಳೆಯ ಔಷಧ, ಆದರೆ ವರ್ಷಗಟ್ಟಲೆ ನುಂಗಿದ ಕೆಲವರಿಗೆ ಅದರಿಂದಲೇ ಹರಡಿನ ಬಳಿ ಹುಣ್ಣಾಗುತ್ತದೆ. ಚರ್ಮವೈದ್ಯರು ಮಾತ್ರೆಯ ಚೀಟಿ ನೋಡದಿದ್ದರೆ ಕಾರಣವೇ ತಿಳಿಯದು. ರೋಗಿ ತಾನಾಗಿ ಮಾತ್ರೆ ಬಿಟ್ಟರೆ ರಕ್ತ ಹೆಪ್ಪುಗಟ್ಟೀತು. ಬದಲಿ ಔಷಧ ಸೂಚಿಸಬೇಕಾದವರು ರಕ್ತರೋಗ ತಜ್ಞರು. ಅಷ್ಟಾದ ಮೇಲೂ ದಿನದಿನ ಪಟ್ಟಿ ಕಟ್ಟಿ, ನೋವು ಅಳೆದು, ಊಟ ವಿಚಾರಿಸುವ ನರ್ಸ್ ಇಲ್ಲದಿದ್ದರೆ ಇಷ್ಟು ಜಾಣ್ಮೆಯೂ ವ್ಯರ್ಥ. ಹಾಗಾಗಿ ಬೇಕಾದದ್ದು ಇವರೆಲ್ಲರ ಒಂದು ತಂಡ.

ಅಪರೂಪದ ಕಾಯಿಲೆಗೆ ಹೊಸಪೇಟೆಯಂಥ ಊರಲ್ಲಿ ತಂಡವೇಕೆ, ಮೊದಲು ಜ್ವರ-ಹೆರಿಗೆ ನೋಡಲಿ ಎನ್ನುವವರ ಮಾತು ತಳ್ಳಿಹಾಕುವಂಥದ್ದಲ್ಲ. ಭಾರತದ ಸಿಕಲ್ ಸೆಲ್ ರೋಗಿಗಳಲ್ಲಿ ಕಾಲಿನ ಹುಣ್ಣು ಆಫ್ರಿಕಾ, ಜಮೈಕಾಗಳಿಗಿಂತ ಕಡಿಮೆ ಎಂಬುದೂ ನಿಜ. ಆದರೆ ತಂಡವೆಂದರೆ ಹೊಸ ಕಟ್ಟಡವಲ್ಲ. ಹೊಸಪೇಟೆಯಲ್ಲಿ ಗಾಯ ನೋಡುವ ನರ್ಸ್, ಬಳ್ಳಾರಿಯ ಸರ್ಕಾರಿ ವೈದ್ಯಕೀಯ ಕಾಲೇಜಿನ ಚರ್ಮ ಮತ್ತು ಶಸ್ತ್ರಚಿಕಿತ್ಸಾ ವೈದ್ಯರು, ಇ-ಸಂಜೀವಿನಿ ದೂರವೈದ್ಯ ಸೇವೆಯ ಮೂಲಕ ದೂರದ ರಕ್ತತಜ್ಞರು ಒಂದೇ ಕಡತ ನೋಡಿದರೆ ಅದೇ ತಂಡ. ಸಕ್ಕರೆ ಕಾಯಿಲೆಯ ಕಾಲಿಗೂ ಅದೇ ತಂಡ ನೆರವಾಗುತ್ತದೆ. ಕಾಸರಗೋಡಿನ ಇನ್‌ಸ್ಟಿಟ್ಯೂಟ್ ಆಫ್ ಅಪ್ಲೈಡ್ ಡರ್ಮಟಾಲಜಿ ಆನೆಕಾಲು ರೋಗಕ್ಕೆ ಚರ್ಮವೈದ್ಯ, ಆಯುರ್ವೇದ, ಯೋಗಗಳನ್ನು ಜೊತೆಗೂಡಿಸಿ, ಮನೆಯವರಿಗೂ ಆರೈಕೆ ಕಲಿಸಿ, ಸಣ್ಣ ಊರಲ್ಲೂ ಇದು ಸಾಧ್ಯವೆಂದು ತೋರಿಸಿದೆ. 2023ರ ಜುಲೈ 1ರಂದು ಶುರುವಾದ ರಾಷ್ಟ್ರೀಯ ಸಿಕಲ್ ಸೆಲ್ ನಿರ್ಮೂಲನಾ ಅಭಿಯಾನದಲ್ಲಿ ಕರ್ನಾಟಕವೂ ಇದೆ. ರಕ್ತ ಪರೀಕ್ಷಿಸುವವರು ಕಾಲನ್ನೂ ನೋಡಲಿ.

ಆರು ವಾರ ಕಳೆದರೂ ಹುಣ್ಣು ಮಾಯದಿದ್ದರೆ ರಕ್ತಕಣಗಳ ಪೂರ್ಣ ಪರೀಕ್ಷೆ ಬೇಕೇ ಎಂದು ವೈದ್ಯರನ್ನು ಕೇಳಿ. ನುಂಗುವ ಮಾತ್ರೆಗಳ ಚೀಟಿಯನ್ನು ಮರೆಯದೆ ಒಯ್ಯಿರಿ.