ಸ್ನೇಹದ ಗುರಿ ಪಂದ್ಯ: ಏರ್ಪಾಡು ಹೇಗಿರಬೇಕು?

ಗದ್ದೆಯ ನಾಟಿ ಮುಗಿದು ಕೈಲ್‌ಪೊಳ್ದ್ ಬಂತೆಂದರೆ ಕೊಡಗಿನಲ್ಲಿ ಕೋವಿಗಳಿಗೆ ಪೂಜೆ. ಆ ಬಳಿಕ ಊರೂರಲ್ಲಿ ತೆಂಗಿನಕಾಯಿಗೆ ಗುಂಡು ಹೊಡೆಯುವ ಪಂದ್ಯ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ತರುವಾಯ ಬೇಟೆಯ ಕಾಲ ಮುಗಿಯಿತು. ಬೆಳೆಗಾರನ ಕೈಯ ಗುರಿ ಉಳಿಯಬೇಕಾದರೆ ಇಂಥ ಪಂದ್ಯಗಳು ಬೇಕು. ಆದರೆ ಪಂದ್ಯ ನಡೆಸುವವರು ಮೊದಲು ಕೇಳಿಕೊಳ್ಳಬೇಕಾದುದು ಗುರಿ ಎಲ್ಲಿದೆ ಎಂದಲ್ಲ, ಗುರಿ ತಪ್ಪಿದ ಗುಂಡು ಎಲ್ಲಿ ನಿಲ್ಲುತ್ತದೆ ಎಂದು.

ಸ್ಥಳದ ಆಯ್ಕೆ

ಮರದ ತುದಿಗೆ ಕಾಯಿ ಕಟ್ಟಿ ಹೊಡೆಯುವುದು ನೋಡಲು ಚೆಂದ. ಆದರೆ ರೈಫಲ್ಲಿಗೆ ಅದು ತಕ್ಕುದಲ್ಲ. ಪುಟ್ಟದೆಂದು ನಾವು ಭಾವಿಸುವ ಪಾಯಿಂಟ್ 22 ಗುಂಡು ಸಹ ಒಂದು ಕಿಲೋಮೀಟರಿನಾಚೆ ಹೋಗಬಲ್ಲದು. ಪಾಯಿಂಟ್ 315 ಅದಕ್ಕೂ ಬಹು ದೂರ. ಗುಡ್ಡದ ಆಚೆ ನೆರೆಯವರ ತೋಟದಲ್ಲಿ ಆಳುಗಳು ಕೆಲಸದಲ್ಲಿರುತ್ತಾರೆ; ಲೈನು ಮನೆಗಳ ಮಕ್ಕಳು ಆಡುತ್ತಿರುತ್ತಾರೆ. ಆದುದರಿಂದ ಕಲ್ಲಿಲ್ಲದ, ಕಡಿದಾದ, ಎತ್ತರದ ಮಣ್ಣಿನ ಬರೆಯನ್ನು ಆರಿಸಿ, ಕಾಯಿಯನ್ನು ಅದರ ಬುಡದಲ್ಲಿ ನೆಟ್ಟ ಗೂಟದ ಮೇಲೆ ಇಡತಕ್ಕದ್ದು. ಕಲ್ಲಿಗೆ ಬಡಿದ ಗುಂಡು ಸಿಡಿದು ಎತ್ತಲಾದರೂ ಹೋದೀತು. ಬರೆಯ ಮೇಲ್ಭಾಗಕ್ಕೂ ಎರಡು ಪಕ್ಕದ ಕಾಲುದಾರಿಗಳಿಗೂ ಕಾವಲು ನಿಲ್ಲಿಸಿ, ಹಿಂದಿನ ದಿನವೇ ನೆರೆಯ ತೋಟಗಳಿಗೆ ತಿಳಿಸಬೇಕು.

ಕಾಗದಪತ್ರ

ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಇರುವ ಪರವಾನಗಿ ವಿನಾಯಿತಿಯನ್ನು ಕೇಂದ್ರ ಸರಕಾರ 2019ರಲ್ಲಿ ಹತ್ತು ವರ್ಷ ಮುಂದುವರಿಸಿತು. ಕರ್ನಾಟಕ ಉಚ್ಚ ನ್ಯಾಯಾಲಯ 2021ರಲ್ಲಿ ಈ ವಿನಾಯಿತಿಯನ್ನು ಎತ್ತಿಹಿಡಿಯಿತು. ಆದರೆ ವಿನಾಯಿತಿ ಎಂದರೆ ಅಜಾಗ್ರತೆಗೆ ರಹದಾರಿಯಲ್ಲ. ಸಂಭ್ರಮಕ್ಕೆಂದು ಬೇಕಾಬಿಟ್ಟಿ ಗುಂಡು ಹಾರಿಸಿ ಇತರರ ಜೀವಕ್ಕೆ ಅಪಾಯ ತಂದವರಿಗೆ 2019ರ ತಿದ್ದುಪಡಿ ಕಾಯಿದೆಯಂತೆ ಎರಡು ವರ್ಷದವರೆಗೆ ಸೆರೆ, ಇಲ್ಲವೆ ಒಂದು ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೆ ಎರಡೂ ಉಂಟು. ಪೊಲೀಸ್ ಠಾಣೆಗೆ ಮುಂಗಡವಾಗಿ ಬರೆದು ತಿಳಿಸಿ, ಬೇಕಾದ ಅನುಮತಿ ಪಡೆಯಿರಿ. ಹೆಸರು ನೋಂದಾಯಿಸುವಾಗ ಪ್ರತಿಯೊಬ್ಬರ ಪರವಾನಗಿ ಅಥವಾ ವಿನಾಯಿತಿ ಪತ್ರ ನೋಡಿರಿ. ಪತ್ರ ಒಬ್ಬರ ಹೆಸರಿನಲ್ಲಿ, ಕೋವಿ ಇನ್ನೊಬ್ಬರ ಕೈಯಲ್ಲಿ ಎಂಬುದು ಬೇಡ.

ಅಂಕಣದ ಶಿಸ್ತು

1. ಅಂಕಣಕ್ಕೆ ಒಬ್ಬನೇ ಯಜಮಾನ. ಅವನ ಮಾತಿಲ್ಲದೆ ಯಾರೂ ತೋಟೆ ತುಂಬಬಾರದು. "ನಿಲ್ಲಿಸಿ" ಎಂದು ಕೂಗುವ ಹಕ್ಕು ಮಾತ್ರ ಅಲ್ಲಿರುವ ಎಲ್ಲರಿಗೂ ಇದೆ.
2. ಸರದಿ ಬಾರದ ಕೋವಿಗಳು ಬೋಲ್ಟ್ ತೆರೆದು, ಬರಿದಾಗಿ ಒಂದೆಡೆ ಇರತಕ್ಕದ್ದು.
3. ತೋಟೆ ಸಿಡಿಯದಿದ್ದರೆ ನಳಿಗೆಯನ್ನು ಬರೆಯತ್ತಲೇ ಹಿಡಿದು ಅರ್ಧ ನಿಮಿಷ ಕಾದು, ಅನಂತರ ಬೋಲ್ಟ್ ತೆರೆಯಬೇಕು.
4. ಕಾಯಿ ಬದಲಿಸಲು ಹೋದವರು ಮರಳುವ ತನಕ ಯಾರೂ ಕೋವಿ ಮುಟ್ಟಕೂಡದು.
5. ಕುಡಿದವರಿಗೆ ಪ್ರವೇಶವಿಲ್ಲ, ಅವರು ಎಷ್ಟೇ ದೊಡ್ಡವರಿರಲಿ. ಹಬ್ಬದ ಊಟ ಪಂದ್ಯದ ಬಳಿಕ.

ನ್ಯಾಯದ ತೀರ್ಪು

ಪಾಯಿಂಟ್ 22, ಪಾಯಿಂಟ್ 315 ಮತ್ತು 12 ಬೋರ್ ಕೋವಿಗಳಿಗೆ ಬೇರೆ ಬೇರೆ ಪಂದ್ಯವಿರಲಿ. ದುರ್ಬೀನು ಬೇಡ; ಎಲ್ಲರೂ ನಿಂತು, ಆಸರೆಯಿಲ್ಲದೆ ಹೊಡೆಯಲಿ. ರೈಫಲ್ಲಿಗೆ 50 ಮೀಟರು, ತಲೆಗೆ ಮೂರು ಗುಂಡು ಸಾಕು. ಒಂದೇ ಕಾಯಿಗೆ ಎಲ್ಲರೂ ಹೊಡೆದರೆ, ಮೊದಲಿನವರು ಸೀಳಿಬಿಟ್ಟ ಕಾಯನ್ನು ಕೊನೆಯವನು ಉರುಳಿಸಿ ಬಹುಮಾನ ಒಯ್ದಾನು. ಜಗಳ ಹುಟ್ಟುವುದು ಇಲ್ಲೇ. ಪ್ರತಿಯೊಬ್ಬರಿಗೂ ಹೊಸ ಕಾಯಿ ಇಡಿರಿ. ಖರ್ಚು ಹೆಚ್ಚೆನಿಸಿದರೆ ಬರೆಗೆ ಆನಿಸಿದ ಹಲಗೆಯ ಮೇಲೆ ವೃತ್ತ ಬರೆದ ಕಾಗದ ಅಂಟಿಸಿರಿ. ಸರದಿಯನ್ನು ಚೀಟಿ ಎತ್ತಿ ಗೊತ್ತುಮಾಡಿರಿ. ಸಮಬಲವಾದರೆ ಕಾಯಿಯ ಬದಲು ಚಿಪ್ಪು ಇಟ್ಟು ತಲಾ ಒಂದು ಗುಂಡು.

ಪಂದ್ಯ ಮುಗಿದೊಡನೆ ಪ್ರತಿ ಕೋವಿಯನ್ನೂ ತೆರೆದು ನೋಡಿ, ಉಳಿದ ತೋಟೆಗಳನ್ನು ಎಣಿಸಿ ಮಾಲೀಕರಿಗೆ ಒಪ್ಪಿಸಿರಿ. ಬಹುಮಾನ ಒಂದು ಗೊನೆ ಬಾಳೆಯಾದರೂ ಸರಿಯೇ. ಬಂದವರೆಲ್ಲರೂ ಕ್ಷೇಮವಾಗಿ ಮನೆ ಸೇರಿದರೆ, ಮುಂದಿನ ವರ್ಷ ನೆರೆಯ ತೋಟದವರೇ ಜಾಗ ಕೊಡಲು ಮುಂದೆ ಬಂದಾರು.