‘ಬೇಜಾರು’ ಎಂಬುದಕ್ಕೆ ಇಂಗ್ಲಿಷ್‌ನಲ್ಲಿ ಬಟನ್ ಇಲ್ಲ

ನಮ್ಮ ಕಚೇರಿಯ ಆರೋಗ್ಯ ಆ್ಯಪ್ ಪ್ರತಿ ಸೋಮವಾರ ಬೆಳಿಗ್ಗೆ ಒಂದು ಪ್ರಶ್ನೆ ಕೇಳುತ್ತದೆ: ಇವತ್ತು ನಿಮಗೆ ಹೇಗನ್ನಿಸುತ್ತಿದೆ? ಕೆಳಗೆ ಐದು ಮುಖಗಳು, ಒಂದೊಂದರ ಅಡಿಯಲ್ಲೂ ಒಂದು ಇಂಗ್ಲಿಷ್ ಪದ. ಪುಣೆಗೆ ಬಂದು ಒಂಬತ್ತು ವರ್ಷವಾಯಿತು, ದಿನವಿಡೀ ಇಂಗ್ಲಿಷ್‌ನಲ್ಲೇ ದುಡಿಯುತ್ತೇನೆ. ಆದರೂ ‘ಬೇಜಾರು’ ಎನ್ನಲು ಆ ಐದರಲ್ಲಿ ಯಾವುದನ್ನು ಒತ್ತಬೇಕೋ ತಿಳಿಯುವುದಿಲ್ಲ. ಕೆಲಸವಿಲ್ಲದೆ ಕೂತರೂ ನಮಗೆ ಬೇಜಾರು, ಗೆಳೆಯ ಮಾತು ತಪ್ಪಿದರೂ ಬೇಜಾರು, ಅಜ್ಜಿ ತೀರಿಕೊಂಡರೂ ಬೇಜಾರು. ಯಾವ ಬೇಜಾರು ಎಂಬುದು ಹೇಳುವವರ ದನಿಯಲ್ಲಿ, ಕೇಳುವವರ ಕಿವಿಯಲ್ಲಿ ಗೊತ್ತಾಗುತ್ತದೆ. ಆ್ಯಪ್‌ಗೆ ಕಿವಿಯಿಲ್ಲ.

ಇದು ಬರೀ ಅನುವಾದದ ತಮಾಷೆಯಲ್ಲ ಎಂದು ನನಗೆ ಅನಿಸಿದ್ದು ಕಳೆದ ವರ್ಷ. ಗದಗ ಕಡೆಯ ಗೆಳೆಯನೊಬ್ಬ ಇದ್ದಾನೆ, ಪಕ್ಕದ ಕಂಪನಿಯಲ್ಲಿ ಎಂಜಿನಿಯರ್. ಎದೆ ಹಿಡಿದಂತಾಗುತ್ತದೆ ಎಂದು ಎರಡು ತಿಂಗಳಲ್ಲಿ ಮೂವರು ವೈದ್ಯರನ್ನು ಕಂಡ. ಇಸಿಜಿ ಸರಿಯಿತ್ತು, ಎಕೋ ಸರಿಯಿತ್ತು, ಥೈರಾಯ್ಡ್ ಸರಿಯಿತ್ತು. ಕಂಪನಿಯ ಆಪ್ತಸಮಾಲೋಚಕರಿಗೂ ಫೋನ್ ಮಾಡಿದ. ಇಂಗ್ಲಿಷ್‌ನಲ್ಲಿ ನಡೆದ ಆ ಮಾತುಕತೆಯಲ್ಲಿ ಅವನು ಹೇಳಿದ್ದು, ಸ್ವಲ್ಪ ಸ್ಟ್ರೆಸ್ ಇದೆ, ಮ್ಯಾನೇಜ್ ಮಾಡುತ್ತಿದ್ದೇನೆ ಎಂದು. ಅವರು ಉಸಿರಾಟದ ವ್ಯಾಯಾಮದ ವಿಡಿಯೊ ಕಳಿಸಿ ಫೈಲು ಮುಚ್ಚಿದರು. ಅದೇ ವಾರ ನನ್ನ ಮನೆಯಲ್ಲಿ ಊಟ ಮಾಡುತ್ತಾ ಅವನು ಹೇಳಿದ ಮಾತು ಬೇರೆಯೇ ಇತ್ತು: “ಎದಿ ಮ್ಯಾಲೆ ಕಲ್ಲ ಇಟ್ಟಂಗ ಆಗ್ತೈತಿ. ರಾತ್ರಿ ನಿದ್ದಿ ಬರವಲ್ದು. ಏನೂ ಬ್ಯಾಡ ಅನಸ್ತೈತಿ.” ಮನುಷ್ಯ ಒಬ್ಬನೇ, ವಾರವೂ ಅದೇ. ಎರಡು ಭಾಷೆಯಲ್ಲಿ ಎರಡು ರೋಗಿಗಳು.

ಎದೆಯ ನೋವಿಗೆ ಮೊದಲು ಹೃದಯವನ್ನೇ ಪರೀಕ್ಷಿಸಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ವರದಿಗಳೆಲ್ಲ ಸರಿ ಬಂದ ಮೇಲೂ ನೋವು ಇದ್ದರೆ ಅದನ್ನು ‘ಸುಮ್ಮನೆ ಭ್ರಮೆ’ ಎನ್ನುವುದು ತಪ್ಪು. ನಮ್ಮ ಕೆಲಸದಲ್ಲಿ ದೋಷ ಡೇಟಾಬೇಸ್‌ನಲ್ಲಿದ್ದು ಅಲಾರಂ ಲಾಗಿನ್ ಪುಟದಲ್ಲಿ ಹೊಡೆದುಕೊಳ್ಳುವುದುಂಟು. ಹಾಗೆಂದು ಅಲಾರಂ ಸುಳ್ಳಲ್ಲ. ಮನಸ್ಸಿನ ಸಂಕಟ ದೇಹದ ದೂರಾಗಿ ಹೊರಬರುವುದನ್ನು ಮನಃಶಾಸ್ತ್ರ ಬಹಳ ಹಿಂದೆಯೇ ಗುರುತಿಸಿದೆ. ಇದಕ್ಕೆ ನಮ್ಮ ಬೆಂಗಳೂರಿನದೇ ಒಂದು ಒಳ್ಳೆಯ ಅಧ್ಯಯನವಿದೆ. ಆರ್. ರಘುರಾಮ್, ಮಿಚೆಲ್ ವೈಸ್, ಎಸ್.ಎಂ. ಚನ್ನಬಸವಣ್ಣ ಮೊದಲಾದವರು ಮನೋವೈದ್ಯಕೀಯ ಹೊರರೋಗಿ ವಿಭಾಗಕ್ಕೆ ಬಂದ 80 ಜನರನ್ನು ವಿವರವಾಗಿ ಮಾತನಾಡಿಸಿ 1996ರಲ್ಲಿ ಪ್ರಕಟಿಸಿದ್ದು. ಖಿನ್ನತೆಯ ಲಕ್ಷಣ ಹೆಚ್ಚಿದಷ್ಟೂ ಜನ ಕಳಂಕಕ್ಕೆ ಹೆಚ್ಚು ಅಂಜುತ್ತಿದ್ದರು. ದೈಹಿಕ ಲಕ್ಷಣ ಹೆಚ್ಚಿದ್ದವರಲ್ಲಿ ಆ ಅಂಜಿಕೆ ಕಡಿಮೆ. ಕಾರಣವೂ ಅವರ ಮಾತಿನಲ್ಲೇ ಸಿಕ್ಕಿತು. ತಲೆನೋವು, ಮೈಕೈ ನೋವು ಎಲ್ಲರಿಗೂ ಬರುವಂಥದ್ದು, ಯಾರಿಗಾದರೂ ಹೇಳಬಹುದು. ಮನಸ್ಸು ಕುಸಿದಿದೆ ಎಂದರೆ ಜನ ಏನೆಂದಾರು, ಮದುವೆ ಸಂಬಂಧ ತಪ್ಪೀತೇ ಎಂಬ ಭಯ. ಅಂದರೆ ‘ಎದೆ ನೋವು’ ಎಂದು ಹೇಳುವುದರಲ್ಲಿ ಒಂದು ಲೋಕಜ್ಞಾನವೂ ಇದೆ. ದಡ್ಡತನವೆಂದು ನಗುವಂಥದ್ದೇನಿಲ್ಲ.

ಇನ್ನು ಭಾಷೆಯ ವಿಷಯ. ಅಮೆರಿಕದ ಬಾಸ್ಟನ್‌ನಲ್ಲಿ ಕ್ಯಾಥರೀನ್ ಹ್ಯಾರಿಸ್ ಮತ್ತು ಸಂಗಡಿಗರು 2003ರಲ್ಲಿ ಪ್ರಕಟಿಸಿದ ಒಂದು ಪ್ರಯೋಗ ನನಗೆ ತುಂಬಾ ಹಿಡಿಸಿತು. ತುರ್ಕಿ ಮಾತೃಭಾಷೆಯಾಗಿದ್ದು ಆಮೇಲೆ ಇಂಗ್ಲಿಷ್ ಕಲಿತವರ ಬೆರಳಿಗೆ ಬೆವರು ಅಳೆಯುವ ತಂತಿ ಕಟ್ಟಿ, ಎರಡೂ ಭಾಷೆಯ ಪದಗಳನ್ನು ತೋರಿಸಿದರು, ಕೇಳಿಸಿದರು. ಬಾಲ್ಯದಲ್ಲಿ ದೊಡ್ಡವರು ಗದರುವ ಮಾತುಗಳು ತುರ್ಕಿಯಲ್ಲಿ ಬಂದಾಗ ಚರ್ಮ ಜೋರಾಗಿ ಪ್ರತಿಕ್ರಿಯಿಸಿತು. ಅದೇ ಬೈಗುಳ ಇಂಗ್ಲಿಷ್‌ನಲ್ಲಿ ಬಂದಾಗ ಅಷ್ಟಿಲ್ಲ. ನಮಗೆ ಇದಕ್ಕೆ ಪ್ರಯೋಗಾಲಯ ಬೇಕಿಲ್ಲ. ಮ್ಯಾನೇಜರ್ ಇಂಗ್ಲಿಷ್‌ನಲ್ಲಿ ಏನೇ ಅಂದರೂ ಸಂಜೆಗೆ ಮರೆಯುತ್ತದೆ. “ಮಾನ ಮರ್ಯಾದೆ ಇಲ್ವೇನೋ ನಿಂಗೆ” ಎಂದು ಚಿಕ್ಕಪ್ಪ ಇಪ್ಪತ್ತು ವರ್ಷದ ಹಿಂದೆ ಅಂದದ್ದು ಇನ್ನೂ ಚುರುಕ್ ಎನ್ನುತ್ತದೆ.

ಎರಡನೇ ಭಾಷೆ ಕೊಡುವ ಈ ದೂರದಿಂದ ಲಾಭವೂ ಇದೆ. ಹೇಳಲು ನಾಚಿಕೆಯಾಗುವ ಎಷ್ಟೋ ಸಂಗತಿಯನ್ನು ಇಂಗ್ಲಿಷ್‌ನಲ್ಲಿ ಸಲೀಸಾಗಿ ಹೇಳಬಹುದು. ಆದರೆ ಹೇಳಿದ್ದು ನಮಗೇ ತಟ್ಟದಿದ್ದರೆ? ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಮ್ಯಾಥ್ಯೂ ಲೀಬರ್ಮನ್ ತಂಡ 2007ರಲ್ಲಿ ತೋರಿಸಿದ್ದು ಇದಕ್ಕೆ ಹತ್ತಿರದ ವಿಷಯ. ಸಿಟ್ಟು, ಭಯ ತುಂಬಿದ ಮುಖಗಳ ಚಿತ್ರ ನೋಡಿ, ಆ ಭಾವನೆಗೆ ಸರಿಯಾದ ಪದ ಆರಿಸಿದಾಗ ಮಿದುಳಿನ ಅಮಿಗ್ಡಲ ಎಂಬ ಭಾಗದ ಚಟುವಟಿಕೆ ತಗ್ಗಿತು. ಭಾವನೆಗೆ ಹೆಸರಿಡುವುದರಿಂದಲೇ ಅದರ ಕಾವು ಸ್ವಲ್ಪ ಇಳಿಯುತ್ತದೆ. ಹಾಗಿದ್ದಲ್ಲಿ ನಮಗೆ ಸರಿಯಾದ ಹೆಸರುಗಳು ಯಾವ ಭಾಷೆಯಲ್ಲಿವೆ? ಕಳವಳ, ತಳಮಳ, ಹತಾಶೆ, ಹೊಟ್ಟೆಯುರಿ, ಕೊರಗು, ಒಂಟಿತನ, ಅಳುಕು... ಇವೆಲ್ಲವನ್ನೂ ನಾವು ‘ಸ್ಟ್ರೆಸ್’ ಎಂಬ ಒಂದೇ ಡಬ್ಬಿಗೆ ತುಂಬುತ್ತಿದ್ದೇವೆ ಎಂಬುದು ನನ್ನ ಗುಮಾನಿ. ಈ ಪ್ರಯೋಗವನ್ನು ಕನ್ನಡದಲ್ಲಿ ಮಾಡಿದ್ದಲ್ಲ, ಮಾತೃಭಾಷೆಗೆ ಎಳೆದು ತಂದದ್ದು ನನ್ನ ಊಹೆ ಎಂಬುದನ್ನೂ ಹೇಳಿಬಿಡುತ್ತೇನೆ.

ಕನ್ನಡದಲ್ಲಿ ಮನಸ್ಸಿನ ಬಗ್ಗೆ ಓದಲು ಏನಿದೆ ಎನ್ನುವವರಿಗೆ ಒಂದು ಮಾತು. ‘ಕೊರವಂಜಿ’ ನಡೆಸಿ ನಗಿಸಿದ ರಾಶಿ, ಅಂದರೆ ಡಾ. ಎಂ. ಶಿವರಾಂ ಅವರಿಗೆ 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದದ್ದು ಹಾಸ್ಯಕ್ಕಲ್ಲ, ‘ಮನಮಂಥನ’ ಎಂಬ ಮನೋವೈದ್ಯಕೀಯದ ಪುಸ್ತಕಕ್ಕೆ. ನಿಮ್ಹಾನ್ಸ್‌ನಲ್ಲಿದ್ದ ಡಾ. ಸಿ.ಆರ್. ಚಂದ್ರಶೇಖರ್ ದಶಕಗಳಿಂದ ಇದನ್ನೇ ಸರಳ ಕನ್ನಡದಲ್ಲಿ ಬರೆಯುತ್ತಿದ್ದಾರೆ. ಪದಗಳು ಇವೆ. ನಾವು ಊರು ಬಿಡುವಾಗ ಅವನ್ನು ಅಲ್ಲೇ ಬಿಟ್ಟು ಬಂದಿದ್ದೇವೆ, ಅಷ್ಟೆ.

ಬೇಜಾರು ಯಾವಾಗ ಕಾಯಿಲೆ? ವೈದ್ಯರು ಬಳಸುವ ಪಿಎಚ್‌ಕ್ಯೂ–9 ಎಂಬ ಪ್ರಶ್ನಾವಳಿ ನೋಡಿದರೆ ಅಂದಾಜು ಸಿಗುತ್ತದೆ. ಕಳೆದ ಎರಡು ವಾರಗಳನ್ನು ಕುರಿತು ಒಂಬತ್ತು ಪ್ರಶ್ನೆ. ಒಂದೊಂದಕ್ಕೂ 0ರಿಂದ 3 ಅಂಕ, ಒಟ್ಟು 27. ಹತ್ತು ಅಥವಾ ಅದಕ್ಕಿಂತ ಹೆಚ್ಚು ಬಂದರೆ ವೈದ್ಯರ ಬಳಿ ವಿವರವಾದ ಪರೀಕ್ಷೆ ಒಳ್ಳೆಯದು ಎಂಬುದು ವಾಡಿಕೆ. ಹಿಂದೆ ಖುಷಿ ಕೊಡುತ್ತಿದ್ದುದರಲ್ಲಿ ಆಸಕ್ತಿ ಹೋಗಿದೆಯೇ, ಮನಸ್ಸು ಕುಗ್ಗಿದೆಯೇ, ನಾನು ಸೋತವನು ಅನಿಸುತ್ತಿದೆಯೇ, ಗಮನ ನಿಲ್ಲುತ್ತಿಲ್ಲವೇ ಎಂಬೆಲ್ಲ ಪ್ರಶ್ನೆಗಳ ನಡುವೆ ನಿದ್ದೆ, ಸುಸ್ತು, ಹಸಿವು ಮೂರೂ ಇವೆ. ದೇಹವನ್ನು ಬಿಟ್ಟು ಮನಸ್ಸನ್ನು ಕೇಳುವ ಹಾಗೇ ಇಲ್ಲ. ಕೊನೆಯ ಪ್ರಶ್ನೆ ಸಾವಿನ ಯೋಚನೆಯ ಕುರಿತು. ಅದಕ್ಕೆ ಸೊನ್ನೆಯಲ್ಲದ ಯಾವ ಉತ್ತರ ಬಂದರೂ ಒಟ್ಟು ಅಂಕ ಲೆಕ್ಕ ಹಾಕುತ್ತಾ ಕೂರಬಾರದು, ಆವತ್ತೇ ಸಹಾಯ ಪಡೆಯಬೇಕು. ಪ್ರಶ್ನಾವಳಿ ರೋಗ ನಿರ್ಣಯವಲ್ಲ, ಬಾಗಿಲು ಬಡಿಯಬೇಕೋ ಬೇಡವೋ ಎಂಬ ಸೂಚನೆ ಮಾತ್ರ.

ಬಾಗಿಲು ಎಲ್ಲಿದೆ? ನಿಮ್ಹಾನ್ಸ್ ನಡೆಸಿದ 2015–16ರ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ವಯಸ್ಕರಲ್ಲಿ ಶೇ 10.6ರಷ್ಟು ಮಂದಿಗೆ ಯಾವುದಾದರೊಂದು ಮಾನಸಿಕ ಕಾಯಿಲೆಯಿತ್ತು. ಕಾಯಿಲೆಗೆ ತಕ್ಕಂತೆ ಶೇ 70ರಿಂದ 92ರಷ್ಟು ರೋಗಿಗಳು ಚಿಕಿತ್ಸೆಯ ಹೊರಗೇ ಇದ್ದರು. 2022ರ ಅಕ್ಟೋಬರ್ 10ರಂದು ಶುರುವಾದ ‘ಟೆಲಿ ಮಾನಸ್’ ಸಹಾಯವಾಣಿಯ ಸಂಖ್ಯೆ 14416. ದಿನದ 24 ಗಂಟೆ, ಉಚಿತ. ಕರೆ ಮಾಡಿದವರು ಭಾಷೆ ಆರಿಸಿಕೊಳ್ಳಬಹುದು, ಅದರಲ್ಲಿ ಕನ್ನಡವೂ ಇದೆ. ಇನ್ನೊಂದು ಸಂಗತಿ ನೌಕರಿಯಲ್ಲಿರುವವರಿಗೆ: 2017ರ ಮಾನಸಿಕ ಆರೋಗ್ಯ ಕಾಯ್ದೆಯಂತೆ ವಿಮಾ ಕಂಪನಿಗಳು ದೈಹಿಕ ಕಾಯಿಲೆಗೆ ಕೊಡುವಂತೆಯೇ ಮಾನಸಿಕ ಕಾಯಿಲೆಯ ಚಿಕಿತ್ಸೆಗೂ ವಿಮೆ ಕೊಡಬೇಕು. ಕಚೇರಿಯ ಪಾಲಿಸಿಯಲ್ಲಿ ಏನಿದೆ ಎಂದು ಎಚ್‌ಆರ್‌ಗೆ ಒಂದು ಮೇಲ್ ಹಾಕಿ ಕೇಳಿ. ‘ಮಾಹಿತಿಗಾಗಿ’ ಎಂದು ಬರೆದರೆ ಸಾಕು, ಯಾರಿಗಾಗಿ ಎಂದು ಹೇಳಬೇಕಿಲ್ಲ.

ನನ್ನ ಗೆಳೆಯ ಒಂದು ರಾತ್ರಿ ಹನ್ನೊಂದರ ಹೊತ್ತಿಗೆ ಆ ಸಂಖ್ಯೆಗೆ ಕರೆ ಮಾಡಿದ. ತನ್ನದೇ ಮಾತಿನಲ್ಲಿ ಎದೆಯ ಕಲ್ಲಿನ ಕಥೆ ಹೇಳಿದನಂತೆ. ಎರಡು ವಾರದ ನಂತರ ಇಲ್ಲಿಯೇ ಮನೋವೈದ್ಯರನ್ನು ಕಂಡ. ಅವರಿಗೆ ಕನ್ನಡ ಬಾರದು, ಆದರೆ ಅಷ್ಟರಲ್ಲಿ ಏನು ಹೇಳಬೇಕೆಂಬುದು ಅವನಿಗೆ ಸ್ಪಷ್ಟವಾಗಿತ್ತು. ಈಗ ನಿದ್ದೆ ಬರುತ್ತಿದೆ, ಮಾತ್ರೆ ಇನ್ನೂ ಕೆಲವು ತಿಂಗಳಿದೆ. ಮನೆಯಲ್ಲಿ ಹೆಣ್ಣು ನೋಡುತ್ತಿದ್ದಾರೆ, ಹಾಗಾಗಿ ಅವ್ವನಿಗೆ ಅದು ಗ್ಯಾಸ್ಟ್ರಿಕ್ ಮಾತ್ರೆ ಎಂದು ಹೇಳಿದ್ದಾನೆ. ದಿನಾ ರಾತ್ರಿ ಫೋನಿನಲ್ಲಿ ಆಕೆ ಜೀರಿಗೆ ನೀರು ಕುಡಿದೆಯಾ ಎಂದು ಕೇಳುತ್ತಾಳೆ.